ಏಜೆಂಟ್ ಸುಮ್ಮನಾದಾಗ

ಏಜೆಂಟ್ ಅಂದರೆ ನಮ್ಮ ಕಡೆ ಜನಕ್ಕೆ ಥಟ್ಟನೆ ನೆನಪಾಗೋದು ಎಲ್‌ಐಸಿ. ನರಗುಂದದವರಾದರೆ ಇನ್ನೊಬ್ಬ ಏಜೆಂಟನೂ ನೆನಪಾದಾನು. ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್. 1858ರಲ್ಲಿ ಬಾಬಾಸಾಹೇಬನ ಕಡೆಯವರು ಅವನನ್ನು ಸುರೇಬಾನದಲ್ಲಿ ಕೊಂದು, ತಲೆಯನ್ನು ನರಗುಂದಕ್ಕೆ ತಂದು ಅಗಸಿಗೆ ಕಟ್ಟಿದ್ದರು. ಅಂಥ ನರಗುಂದಕ್ಕೆ ನಾನು ಕಳೆದ ತಿಂಗಳು ಒಬ್ಬ ಹೊಸ ಏಜೆಂಟನನ್ನು ಕೂರಿಸಿದೆ. ರೋಣಕ್ಕೊಬ್ಬ, ಗಜೇಂದ್ರಗಡಕ್ಕೊಬ್ಬ. ಹೆದರಬೇಡಿ, ಇವರು ಸಾಫ್ಟ್‌ವೇರಿನವರು :)

ಆ ಮೂರೂ ಊರಲ್ಲಿ ಶಾಖೆ ಇರೋ ಒಂದು ಪತ್ತಿನ ಸಂಘದ ಕೆಲಸ ಅದು. ಒಂದೊಂದು ಶಾಖೆಯಲ್ಲೂ ಸಣ್ಣ ಕೋಣೆ, ಒಂದು ಸರ್ವರ್, ಕೆಳಗೊಂದು ಯುಪಿಎಸ್. ಅವು ಆರಾಮಾಗಿವೆಯಾ ಅಂತ ಬೆಂಗಳೂರಲ್ಲಿ ಕೂತು ನೋಡಬೇಕು. ನಾನು ರೋಣದ ಕಡೆಯವನು ಅನ್ನೋ ಒಂದೇ ಕಾರಣಕ್ಕೆ ಕೆಲಸ ನನ್ನ ತಲೆಗೆ ಬಂತು.

ಕಂಪ್ಯೂಟರಿನವರಲ್ಲದ ಗೆಳೆಯರಿಗೆ ಇದನ್ನು ಹೇಳೋಕೆ ನನಗೆ ಸಿಗೋ ಹೋಲಿಕೆ ಊರ ವಾಲಿಕಾರ. ಗೌಡರು ಕರೆದು "ಕೆರಿ ನೀರ ಎಷ್ಟೈತಿ?" ಅಂತ ಕೇಳಿದರೆ ನೋಡಿ ಬಂದು ಹೇಳ್ತಾನೆ. ಕೆರೆ ಏರಿ ಒಡೆದರೆ ಯಾರೂ ಕೇಳದಿದ್ದರೂ ತಾನೇ ಓಡಿ ಬರ್ತಾನೆ. ಎಸ್‌ಎನ್‌ಎಂಪಿ ಅನ್ನೋ ಪದ್ಧತಿ ಇಷ್ಟೇ. 1988ರಿಂದ ಇದೆ. ಬೆಂಗಳೂರಿನ ಮ್ಯಾನೇಜರ್ ಯಂತ್ರ ಐದು ನಿಮಿಷಕ್ಕೊಮ್ಮೆ 161ನೇ ಪೋರ್ಟಿಗೆ ಪ್ರಶ್ನೆ ಕಳಿಸುತ್ತೆ: ಡಿಸ್ಕ್ ಎಷ್ಟು ತುಂಬಿದೆ? ಯುಪಿಎಸ್ ಬ್ಯಾಟರಿ ಇನ್ನೆಷ್ಟು ನಿಮಿಷ ಬರುತ್ತೆ? ಏಜೆಂಟ್ ಉತ್ತರ ಕೊಡ್ತಾನೆ. ಏನಾದರೂ ಕೆಟ್ಟರೆ ಅವನೇ 162ಕ್ಕೆ ಕೂಗು ಹಾಕ್ತಾನೆ. ಅದಕ್ಕೆ ಟ್ರ್ಯಾಪ್ ಅಂತ ಹೆಸರು.

ಕೂರಿಸೋದು ದೊಡ್ಡ ವಿದ್ಯೆಯೇನಲ್ಲ. ಒಂದು ಕಾನ್ಫಿಗರೇಶನ್ ಫೈಲು, ಹತ್ತು ಹನ್ನೆರಡು ಸಾಲು. ಆದರೆ ಹಳೆಯ ಒಂದನೇ ಮತ್ತು ಎರಡನೇ ಆವೃತ್ತಿಯಲ್ಲಿ ಗುಟ್ಟಿನ ಪದ ಒಂದೇ. ಅದನ್ನು ಎಷ್ಟೋ ಕಡೆ 'ಪಬ್ಲಿಕ್' ಅಂತಲೇ ಬಿಟ್ಟಿರ್ತಾರೆ. ಮನೆಗೆ ಬೀಗ ಹಾಕಿ ಕೀಲಿಯನ್ನು ಬಾಗಿಲ ಮೇಲೆ ಇಟ್ಟು ಹೋದಂಗೆ. ಪದ ಬದಲಾಯಿಸಿದರೂ ಅದು ಲೈನಿನ ಮೇಲೆ ಬಯಲಾಗಿ ಹೋಗುತ್ತೆ, ನಡುವೆ ಕೂತವನು ಓದಬಹುದು. ದುಡ್ಡಿನ ವ್ಯವಹಾರ ಇರೋ ಜಾಗದಲ್ಲಿ ಅದು ಬೇಡ ಅಂತ ಮೂರನೇ ಆವೃತ್ತಿ ಹಾಕಿದೆ. ಅದರಲ್ಲಿ ಬಳಕೆದಾರನ ಹೆಸರು, ಪಾಸ್‌ವರ್ಡ್, ಗೂಢಲಿಪಿ ಮೂರೂ ಉಂಟು. ಓದೋಕೆ ಮಾತ್ರ ಅನುಮತಿ, ಅದೂ ನಮ್ಮ ಒಂದು ಯಂತ್ರಕ್ಕೆ ಮಾತ್ರ.

ಯಂತ್ರ ಎದ್ದು ಎಷ್ಟು ದಿನ ಆಯ್ತು ಅಂತ ಹೇಳೋ ಅಂಕಿಯಲ್ಲೂ ಒಂದು ತಮಾಷೆ ಇದೆ. ಅದು ಲೆಕ್ಕ ಹಾಕೋದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ, ಜಾಗ ಇರೋದು 32 ಬಿಟ್. ಹಾಗಾಗಿ 497 ದಿನಕ್ಕೆ ತುಂಬಿ ಮತ್ತೆ ಸೊನ್ನೆಗೆ ಬರುತ್ತೆ. ಸರ್ವರ್ ಕದಲದೆ ನಿಂತಿದ್ದರೂ ಈಗಷ್ಟೇ ಎದ್ದಂಗೆ ಕಾಣುತ್ತೆ. ಏಜೆಂಟನೊಬ್ಬನನ್ನೇ ನಿಲ್ಲಿಸಿ ಎಬ್ಬಿಸಿದರೂ ಅಷ್ಟೇ.

ಆದರೆ ನನ್ನ ತಲೆ ತಿಂದದ್ದು ಈ ಅಂಕಿಗಳಲ್ಲ. ಏಜೆಂಟ್ ಸುಮ್ಮನಾದರೆ ಏನರ್ಥ ಅನ್ನೋದು.

ಈ ಪ್ರಶ್ನೆ ಉತ್ತರ ಎಲ್ಲ ಹೋಗೋದು ಸಾಮಾನ್ಯವಾಗಿ ಯುಡಿಪಿಯಲ್ಲಿ. ಮುಟ್ಟಿತೋ ಇಲ್ಲವೋ ಅಂತ ಯುಡಿಪಿ ಹೇಳೋದಿಲ್ಲ. ಟ್ರ್ಯಾಪ್ ದಾರಿಯಲ್ಲಿ ಬಿದ್ದುಹೋದರೆ ಕಳಿಸಿದವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇನ್‌ಫಾರ್ಮ್ ಅಂತ ಇನ್ನೊಂದಿದೆ, ಅದು ತಲುಪಿದ್ದಕ್ಕೆ ರಸೀದಿ ಕೇಳುತ್ತೆ. ಆದರೆ ಲೈನೇ ಸತ್ತರೆ ಕೂಗೋಕೆ ದಾರಿ ಎಲ್ಲಿದೆ? ಕರೆಂಟ್ ಹೋಗಿದ್ದರೂ, ಮೋಡೆಮ್ ಸುಟ್ಟಿದ್ದರೂ, ಎಲ್ಲೋ ರಸ್ತೆ ಅಗೆದು ಕೇಬಲ್ ಕಡಿದಿದ್ದರೂ ನನ್ನ ಪರದೆ ಮೇಲೆ ಕಾಣೋದು ಒಂದೇ ಕೆಂಪು ಚುಕ್ಕೆ.

ಮೊದಲು ಈ ಸುದ್ದಿ ಎಲ್ಲ ಕೊಡ್ತಿದ್ದದ್ದು ಗಜೇಂದ್ರಗಡ ಶಾಖೆಯ ಸಿಪಾಯಿ ಕಾಕಾ. "ತಮ್ಮಾ, ಕರೆಂಟ್ ಹೋಗಿ ಅರ್ಧ ತಾಸ ಆತು, ಕೆಳಗಿನ ಡಬ್ಬಿ ಕುಂಯ್ ಕುಂಯ್ ಅನ್ನಾಕತ್ತೈತಿ" ಅಂತ ಫೋನ್ ಮಾಡೋರು. ಗುಡ್ಡದ ಮೇಲೆ ಸಾಲು ಸಾಲು ಗಾಳಿಯಂತ್ರ ತಿರುಗ್ತಿರುತ್ತವೆ, ಕೆಳಗೆ ಕಾಕಾ ಟಾರ್ಚ್ ಹಿಡಿದು ನಿಂತಿರ್ತಾರೆ. ಏಜೆಂಟುಗಳು ಬಂದ ಮೇಲೆ ಮೀಟಿಂಗಿನಲ್ಲಿ ಒಬ್ಬರು ಕೇಳಿಯೇಬಿಟ್ಟರು: "ಎಲ್ಲಾ ಬೆಂಗಳೂರಾಗ ಕುಂತ ಕಾಣಸ್ತೈತಲ್ರೀ, ಮತ್ತ ಆ ಮುದುಕಗ ಪಗಾರ ಯಾಕ ಕೊಡೂದು?"

ನನಗೆ ಏನು ಹೇಳಬೇಕು ತಿಳೀಲಿಲ್ಲ. ಉತ್ತರ ಸಿಕ್ಕಿದ್ದು ಮುಂದಿನ ವಾರ. ರಾತ್ರಿ ಎಂಟಕ್ಕೆ ಗಜೇಂದ್ರಗಡ ಪೂರ್ತಿ ಕೆಂಪಾಯ್ತು. ಹುಬ್ಬಳ್ಳಿಯಿಂದ ಗಾಡಿ ಕಳಿಸಬೇಕು ಅಂತ ಇಲ್ಲಿ ಗಡಿಬಿಡಿ. ನಾನು ಕಾಕಾಗೆ ಫೋನ್ ಮಾಡಿದೆ. ಶಟರ್ ತೆಗೆದು ನೋಡಿ ಹೇಳಿದರು: "ದೊಡ್ಡ ಡಬ್ಬಿ ಹತ್ತೈತಿ, ಕೆಳಗಿಂದೂ ಹಸಿರ ಐತಿ. ಸಣ್ಣ ಡಬ್ಬಿ ಆರೈತಿ ನೋಡ. ಇಲಿ ವಾಯರ್ ಕಡದೈತಿ." ಅಂದರೆ ಸರ್ವರ್ ಗಟ್ಟಿಮುಟ್ಟಾಗಿತ್ತು, ಏಜೆಂಟನೂ ಎಚ್ಚರವಾಗಿದ್ದ, ಮಾತು ಹೊರಗೆ ಬರ್ತಿರಲಿಲ್ಲ ಅಷ್ಟೇ. ಬೆಳಿಗ್ಗೆ ಊರಿನ ಎಲೆಕ್ಟ್ರಿಷಿಯನ್ ಬಂದು ಹತ್ತು ನಿಮಿಷದಲ್ಲಿ ಸರಿಮಾಡಿದ. ಹುಬ್ಬಳ್ಳಿ ಗಾಡಿ ಬೇಕಾಗಲಿಲ್ಲ.

ವರದಿಯಲ್ಲಿ ಇದನ್ನೆಲ್ಲ ಬರೆದಿದ್ದೇನೆ. ಏಜೆಂಟ್ ಡಿಸ್ಕ್ ತುಂಬೋದನ್ನು ವಾರ ಮುಂಚೆ ಹೇಳಬಲ್ಲ, ಅದು ಕಾಕಾಗೆ ಆಗೋದಿಲ್ಲ. ಏಜೆಂಟ್ ಸುಮ್ಮನಾದಾಗ ಯಾಕೆ ಅಂತ ಹೇಳೋಕೆ ಅಲ್ಲಿ ಒಬ್ಬ ಮನುಷ್ಯ ಬೇಕು. ಕಾನ್ಫಿಗರೇಶನ್ ಫೈಲಿನಲ್ಲಿ 'ಸಿಸ್‌ಕಾಂಟ್ಯಾಕ್ಟ್' ಅಂತ ಒಂದು ಸಾಲು ಇರುತ್ತೆ, ಈ ಯಂತ್ರಕ್ಕೆ ಯಾರನ್ನು ಕೇಳಬೇಕು ಅಂತ ಬರೆಯೋಕೆ. ಬಹಳ ಜನ ಅದನ್ನು ಖಾಲಿ ಬಿಡ್ತಾರೆ, ಇಲ್ಲವೇ ಬೆಂಗಳೂರಿನ ಆಫೀಸಿನ ಮೇಲ್ ಹಾಕ್ತಾರೆ. ಗಜೇಂದ್ರಗಡದ್ದರಲ್ಲಿ ನಾನು ಕಾಕಾನ ಹೆಸರು, ಫೋನ್ ನಂಬರ್ ಹಾಕಿದ್ದೇನೆ.

ಅವರ ಪಗಾರದ ಮಾತು ಇನ್ನೂ ತೀರ್ಮಾನ ಆಗಿಲ್ಲ. ಮುಂದಿನ ಮೀಟಿಂಗಿಗೆ ಬರುತ್ತಂತೆ. ನಿಮ್ಮಲ್ಲಿ ಯಾರಾದರೂ ಸಣ್ಣ ಊರಿನ ಸರ್ವರ್‌ಗಳನ್ನು ದೂರದಿಂದ ನೋಡಿಕೊಳ್ತಿದ್ದರೆ, ಅಲ್ಲಿ ಶಟರ್ ತೆಗೆಯೋರು ಯಾರು ಅಂತ ತಿಳಿಸಿ. ಮೀಟಿಂಗಿನಲ್ಲಿ ಹೇಳೋಕೆ ಇನ್ನೊಂದೆರಡು ಉದಾಹರಣೆ ಸಿಕ್ಕರೆ ಒಳ್ಳೇದು.