ಮರಳಿ ತರುವ ಹೊರೆ



ಯಾತ್ರೆಗೆ ಹೊರಟವರು ಏನನ್ನು ಕೊಂಡೊಯ್ದರೆಂದು ನಾವು ವಿಚಾರಿಸುತ್ತೇವೆ. ಏನನ್ನು ಅಲ್ಲಿಯೇ ಬಿಟ್ಟುಬಂದರೆಂದು ಕೇಳುವವರು ವಿರಳ. ಇಂಗ್ಲೆಂಡಿನ ಧ್ರುವಯಾತ್ರಿಕ ರಾಬರ್ಟ್ ಸ್ವಾನ್ ಅವರ ಜೀವನವನ್ನು ಕುರಿತು ಓದುವಾಗ ಈ ಎರಡನೆಯ ಪ್ರಶ್ನೆಯೇ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿತು.

ಬಾಲ್ಯದಿಂದಲೂ ಸ್ವಾನ್ ಅವರನ್ನು ಸೆಳೆದದ್ದು ಕ್ಯಾಪ್ಟನ್ ಸ್ಕಾಟ್ ಅವರ ಕಥೆ. 1912ರ ಜನವರಿ 17ರಂದು ಸ್ಕಾಟ್ ದಕ್ಷಿಣ ಧ್ರುವವನ್ನು ಮುಟ್ಟಿದಾಗ ನಾರ್ವೆಯ ಅಮುಂಡ್‌ಸೆನ್ ಒಂದು ತಿಂಗಳು ಮೊದಲೇ ಅಲ್ಲಿಗೆ ಬಂದು ಹೋಗಿದ್ದರು. ಮರಳುವ ದಾರಿಯಲ್ಲಿ ಸ್ಕಾಟ್ ತಂಡದ ಐವರೂ ಮಡಿದರು. ಹುಡುಕಿ ಹೋದವರಿಗೆ ಅವರ ಹಿಮಬಂಡಿಯಲ್ಲಿ ಸುಮಾರು 16 ಕಿಲೋ ತೂಕದ ಕಲ್ಲುಗಳು ದೊರೆತವು. ಭಾರತದ ಕಲ್ಲಿದ್ದಲ ಪದರಗಳಲ್ಲಿ ಕಾಣಸಿಗುವ ಗ್ಲಾಸಾಪ್ಟೆರಿಸ್ ಎಂಬ ಪುರಾತನ ಸಸ್ಯದ ಗುರುತೇ ಆ ಕಲ್ಲುಗಳಲ್ಲಿಯೂ ಇತ್ತು. ಪ್ರಾಣ ಹೋಗುವ ಸಮಯದಲ್ಲಿಯೂ ಜ್ಞಾನದ ಹೊರೆಯನ್ನು ಅವರು ಎಸೆಯಲಿಲ್ಲ!

ಸ್ವಾನ್ ಮತ್ತು ಅವರ ಇಬ್ಬರು ಸಂಗಡಿಗರು ಸ್ಕಾಟ್ ನಡೆದ ದಾರಿಯಲ್ಲಿಯೇ ಸುಮಾರು 1,400 ಕಿಲೋಮೀಟರನ್ನು 70 ದಿನಗಳಲ್ಲಿ ನಡೆದು, 1986ರ ಜನವರಿ 11ರಂದು ಧ್ರುವವನ್ನು ತಲುಪಿದರು. ಸಂಪರ್ಕಕ್ಕೆ ರೇಡಿಯೋ ಇರಲಿಲ್ಲ. ಬಂಡಿಗಳನ್ನು ತಾವೇ ಎಳೆದರು. ಅದೇ ಹೊತ್ತಿಗೆ ಅವರ ಹಡಗು ಹಿಮದ ಹಿಡಿತಕ್ಕೆ ಸಿಕ್ಕಿ ಮುಳುಗಿತು, ಜನರೆಲ್ಲ ಬದುಕಿದರು. ಗೆಲುವಿನೊಡನೆ ಬಂದದ್ದು ದೊಡ್ಡ ಸಾಲ. ಸಾಲ ಹೊತ್ತವರು ಸಾಮಾನ್ಯವಾಗಿ ಮೊದಲು ತಮ್ಮ ಮನೆಯ ದಾರಿ ನೋಡುತ್ತಾರೆ. ಆದರೆ ಆ ತಂಡದ ಮೂವರು ಇನ್ನೊಂದು ಚಳಿಗಾಲವನ್ನು ಅಲ್ಲಿಯೇ ಕಳೆದರು. 1987ರಲ್ಲಿ ಶಿಬಿರವನ್ನು ಬಿಚ್ಚಿ ತೆರವುಗೊಳಿಸಲಾಯಿತು.

ನಮ್ಮ ದೃಷ್ಟಿಯಲ್ಲಿ ಧ್ರುವವನ್ನು ಮುಟ್ಟಿದ್ದಕ್ಕಿಂತ ಇದು ಹಿರಿದು. ಮಠದ ಪ್ರಸಾದನಿಲಯದಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗುಳು ಉಳಿಯದಂತೆ ಉಂಡು, ತಟ್ಟೆಯನ್ನು ತಾನೇ ತೊಳೆದಿಟ್ಟ ಮೇಲಲ್ಲದೆ ಪ್ರಸಾದ ಮುಗಿಯಿತೆನ್ನುವಂತಿರಲಿಲ್ಲ. ತೊಳೆಯುವುದು ಊಟದ ಅನಂತರದ ಕೆಲಸವಲ್ಲ, ಊಟದ್ದೇ ಒಂದು ಅಂಗ. ಕಾಯಕವೂ ಹಾಗೆಯೇ. ಫಲವನ್ನು ತನ್ನದೆಂದು, ಕಸವನ್ನು ಪರರದೆಂದು ಹಂಚಿಕೊಂಡರೆ ಅದಕ್ಕೆ ಕಾಯಕವೆಂಬ ಹೆಸರು ಹೇಗೆ ಸಲ್ಲೀತು?

1989ರ ಮೇ 14ರಂದು ಉತ್ತರ ಧ್ರುವವನ್ನೂ ತಲುಪಿ, ಎರಡೂ ಧ್ರುವಗಳಿಗೆ ನಡೆದುಹೋದ ಮೊದಲಿಗರೆಂದು ಸ್ವಾನ್ ಹೆಸರಾದರು. ಈ ಯಾತ್ರೆಯಲ್ಲಿ ಅವರನ್ನು ಹೆದರಿಸಿದ್ದು ಚಳಿಯಲ್ಲ, ಕಾಲಡಿಯಲ್ಲಿ ಕರಗುತ್ತಿದ್ದ ಹಿಮ. ಮುಂದೆ, ಕಿಂಗ್ ಜಾರ್ಜ್ ದ್ವೀಪದ ರಷ್ಯನ್ ನೆಲೆಯಲ್ಲಿ ದಶಕಗಳಿಂದ ಬಿದ್ದಿದ್ದ ಸುಮಾರು 1,500 ಟನ್ ಕಸವನ್ನು ಹೊರಸಾಗಿಸುವ ಕೆಲಸಕ್ಕೆ ಕೈಯಿಕ್ಕಿದರು. ಇದಕ್ಕೆ ಹಲವು ವರ್ಷಗಳೇ ಹಿಡಿದವು. ಆ ಕಸ ಅವರು ಹಾಕಿದ್ದಲ್ಲ. ತನ್ನ ತಟ್ಟೆಯನ್ನು ತೊಳೆದವನು ಪಕ್ಕದವನ ತಟ್ಟೆಯನ್ನೂ ಕೈಗೆತ್ತಿಕೊಂಡಂತಾಯಿತು. ಕಾಯಕವು ದಾಸೋಹವಾಗುವುದು ಈ ಹಂತದಲ್ಲಿಯೇ.

ಅಂಟಾರ್ಕ್ಟಿಕದಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿದ ಒಪ್ಪಂದಕ್ಕೆ ಸಹಿ ಬಿದ್ದದ್ದು 1991ರಲ್ಲಿ. ಅದಕ್ಕೆ ಐವತ್ತು ತುಂಬುವ 2041ನೆಯ ವರ್ಷವನ್ನೇ ಸ್ವಾನ್ ತಮ್ಮ ಸಂಸ್ಥೆಗೆ ಹೆಸರಾಗಿ ಇಟ್ಟರು. ಆ ದಿನವನ್ನು ತಾವು ಕಾಣುವುದೇ ಸಂದೇಹವಾದರೂ ಅದಕ್ಕಾಗಿ ದುಡಿಯುವ ಇಂಥ ಜೀವಗಳು ಎಲ್ಲ ದೇಶಗಳಲ್ಲಿಯೂ ಉಂಟು.

2017ರ ಕೊನೆಯಲ್ಲಿ, ಅರುವತ್ತು ದಾಟಿದ ಸ್ವಾನ್ ಮಗ ಬಾರ್ನಿಯೊಡನೆ ನವೀಕರಿಸಬಹುದಾದ ಶಕ್ತಿಯನ್ನೇ ನೆಚ್ಚಿ ಮತ್ತೆ ದಕ್ಷಿಣ ಧ್ರುವಕ್ಕೆ ಹೊರಟರು. ತಮ್ಮಿಂದ ತಂಡದ ನಡಿಗೆ ನಿಧಾನವಾಗುತ್ತಿದೆಯೆಂದು ಅರಿತಾಗ ಅವರು ದಾರಿಯ ಮಧ್ಯದಲ್ಲಿ ಹಿಂದೆ ಸರಿದರು. ಮಗನು ಬಂಡಿಯನ್ನು ಎಳೆಯುತ್ತ ಮುಂದೆ ನಡೆದು, 2018ರ ಜನವರಿಯಲ್ಲಿ ಧ್ರುವವನ್ನು ಸೇರಿದನು.