ಮನೆಯ ಮೂಲೆಯ ಮೌನ ಭಂಡಾರಿ

ಸರ್ವರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಬ್ಯಾಂಕುಗಳ ತಣ್ಣನೆಯ ಕೋಣೆ, ಸಾಲು ಸಾಲು ಕಪಾಟು, ಎಡೆಬಿಡದ ಗುಂಯ್‌ಗುಡುವಿಕೆ ನೆನಪಾಗುವುದು ಸಹಜ. ಮಾಗೋಡಿನ ನಮ್ಮ ಮನೆಯಲ್ಲಿ ಆ ಹೆಸರಿನ ಯಂತ್ರವು ದಪ್ಪನೆಯ ಪುಸ್ತಕದಷ್ಟೇ ಗಾತ್ರದ್ದಾಗಿ ಪಡಸಾಲೆಯ ಗೂಡಿನಲ್ಲಿ ಕುಳಿತಿದೆ. ಮನೆಮಂದಿಯ ಚಿತ್ರ, ಧ್ವನಿ, ಕಾಗದಪತ್ರಗಳನ್ನೆಲ್ಲ ಒಂದೆಡೆ ಕಾಪಿಟ್ಟು, ಯಾರ ಫೋನಿನಿಂದ ಕೇಳಿದರೂ ತೆಗೆದುಕೊಡುವ ಭಂಡಾರಿ ಅದು.

ಇದರ ಅಗತ್ಯ ಬಿದ್ದುದು ಲಿಂಗೈಕ್ಯರಾದ ತಂದೆಯವರ ಧ್ವನಿಗಾಗಿ. ಅವರು ಹಾಡಿದ್ದ ಮೂರು ಕ್ಯಾಸೆಟ್ಟುಗಳು ಮಾತ್ರ ಉಳಿದಿದ್ದವು. ಮಲೆನಾಡಿನ ಮಳೆಗಾಲದಲ್ಲಿ ಟೇಪಿಗೆ ಬೂಸ್ಟು ಹಿಡಿಯದಿರುವುದೇ ಅಪರೂಪ. ಫೋನಿಗೆ ಇಳಿಸಿಕೊಂಡೆವು, ದುರಸ್ತಿಗೆ ಕೊಟ್ಟ ಅಂಗಡಿಯಿಂದ ಆ ಫೋನು ಬರಿದಾಗಿ ಮರಳಿತು. ಪುಣ್ಯಕ್ಕೆ ಕ್ಯಾಸೆಟ್ಟುಗಳಿನ್ನೂ ಇದ್ದವು. ದೂರದ ಕಂಪನಿಯೊಂದರ ಸಂಗ್ರಹದಲ್ಲಿ ತಿಂಗಳ ಬಾಡಿಗೆ ಕೊಟ್ಟು ಇಡಬಹುದಲ್ಲ ಎಂದವರುಂಟು. ಇಡಬಹುದು, ಆದರೆ ಗಾಳಿಮಳೆಗೆ ಮರ ಬಿದ್ದು ಇಂಟರ್‌ನೆಟ್ ತಂತಿ ಹರಿದ ದಿನ ತಾಯಿಯವರಿಗೆ ಆ ಹಾಡು ಕೇಳಿಸುವವರಾರು? ಮನೆಯೊಳಗಿನ ಯಂತ್ರಕ್ಕೆ ಮನೆಯ ವೈಫೈ ಇದ್ದರಾಯಿತು.

ನಾವು ಕೊಂಡದ್ದು ಹೊಸದಲ್ಲ, ಕಚೇರಿಯೊಂದು ಬಳಸಿ ಬಿಟ್ಟ ಪುಟ್ಟ ಡೆಸ್ಕ್‌ಟಾಪು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಆರನೆಯ, ಏಳನೆಯ ತಲೆಮಾರಿನ ಬಹುಪಾಲು ಗಣಕಗಳಿಗೆ ವಿಂಡೋಸ್ 11 ಅಧಿಕೃತವಾಗಿ ಒಗ್ಗದು. ಹೀಗೆ ಕಚೇರಿಗೆ ಬೇಡವಾದವು ಲಿನಕ್ಸಿಗೆ ಧಾರಾಳ ಸಾಕು. ಡೆಬಿಯನ್ ಹಾಕಿದೆವು, ಕಡತ ಹಂಚಲು ಸಾಂಬಾ, ಹಾಡು ಕೇಳಲು ಜೆಲ್ಲಿಫಿನ್. ಇವಾವುದಕ್ಕೂ ಬೆಲೆಯಿಲ್ಲ. 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಇನ್ನೂ ಚಿಕ್ಕದು, ನಿಜ. ಆದರೆ ಪದೇಪದೇ ಕರೆಂಟು ಹೋಗುವ ಊರಿನಲ್ಲಿ ಮೆಮೊರಿ ಕಾರ್ಡನ್ನೇ ನೆಚ್ಚಿ ನಡೆಸುವುದು ನಮಗೆ ಸರಿಕಾಣಲಿಲ್ಲ.

ಬೇಡ್ತಿ ನದಿ ಧುಮ್ಮಿಕ್ಕುವ ಊರಿನವರಿಗೆ ಸದ್ದಿನ ಚಿಂತೆಯೇ ಎಂದು ಬಂಧುಗಳು ನಕ್ಕರು. ನೀರಿನ ಸದ್ದಿಗೆ ನಿದ್ದೆ ಬರುತ್ತದೆ, ಫ್ಯಾನಿನ ಸದ್ದಿಗೆ ಹೋಗುತ್ತದೆ. ತಾಯಿಯವರು ಮಲಗುವುದು ಆ ಪಡಸಾಲೆಯಲ್ಲೇ. ಆದ್ದರಿಂದ ತಿರುಗುವ ಡಿಸ್ಕನ್ನು ಒಲ್ಲೆವೆಂದು ಎಸ್‌ಎಸ್‌ಡಿ ಹಾಕಿಸಿದೆವು. ಒಳಗಿನ ಪುಟ್ಟ ಫ್ಯಾನಿನ ಧೂಳು ತೆಗೆದು, ಕೆಳಗೆ ಗಾಳಿಯಾಡಲೆಂದು ಎರಡು ಮರದ ತುಂಡುಗಳ ಮೇಲೆ ಯಂತ್ರವನ್ನಿಟ್ಟೆವು. ಕೆಲಸವಿಲ್ಲದಾಗ ಸುಮಾರು 10 ವ್ಯಾಟ್ ಎಳೆಯುತ್ತದೆ. ಹಗಲಿರುಳು ಉರಿದರೂ ತಿಂಗಳಿಗೆ 7 ಯೂನಿಟ್ಟಿಗೆ ತುಸು ಹೆಚ್ಚು. 60 ವ್ಯಾಟ್ ಎಳೆಯುವ ಹಳೆಯ ದೊಡ್ಡ ಡಬ್ಬವಾದರೆ 43 ಯೂನಿಟ್ಟು ನುಂಗುತ್ತಿತ್ತು.

ಕರೆಂಟು ಹೋದಾಗ ಯುಪಿಎಸ್ ಕಾಯುತ್ತದೆ, ಸಿಡಿಲಿಗೆ ಅದನ್ನು ನಂಬಲಾಗದು. ಗುಡುಗು ತೊಡಗುವ ಸೂಚನೆ ಕಂಡರೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ ಪ್ಲಗ್ಗನ್ನೂ ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡುತ್ತೇವೆ. ಒಂದೇ ಯಂತ್ರದೊಳಗೆ ಜೋಡಿ ಡಿಸ್ಕಿಟ್ಟು ನಿಶ್ಚಿಂತರಾಗುವವರಿದ್ದಾರೆ. ಹಾಗೆ ಜೋಡಿಸಿದಾಗ ಒಂದರಲ್ಲಿ ಅಳಿಸಿದ್ದು ಮತ್ತೊಂದರಲ್ಲೂ ಅಳಿಯುತ್ತದೆ. ಸಿಡಿಲಂತೂ ಎರಡನ್ನೂ ಬೇರೆ ಬೇರೆಯೆಂದು ನೋಡದು. ನಾವು ಹೊರ ಡಿಸ್ಕಿಗೆ ಪ್ರತಿ ಮಾಡಿ ಹುಬ್ಬಳ್ಳಿಯ ತಂಗಿಯ ಮನೆಯಲ್ಲಿರಿಸಿದ್ದೇವೆ. ಆಕೆ ತವರಿಗೆ ಬಂದಾಗಲೆಲ್ಲ ಅದೂ ಬಂದು ಹೊಸದನ್ನು ತುಂಬಿಕೊಂಡು ಹೋಗುತ್ತದೆ.

ಈಚೆಗೆ ತಾಯಿಯವರ ಸೋಬಾನೆ ಪದಗಳನ್ನೂ ಧ್ವನಿಮುದ್ರಿಸಿ ಸೇರಿಸತೊಡಗಿದ್ದೇವೆ. ಹನ್ನೊಂದು ಆಗಿವೆ. ಬೀಸುವ ಪದಗಳನ್ನು ಕೇಳಿದರೆ, ಕಲ್ಲು ತಿರುಗದೆ ಸಾಲು ನೆನಪಾಗವು ಎನ್ನುತ್ತಾರೆ. ಹಿತ್ತಿಲಲ್ಲಿರುವ ಬೀಸುಕಲ್ಲನ್ನು ತೊಳೆದು ಒಳತರಬೇಕಾಗಿದೆ.