ಬದುವಿನ ಗಿಡ ಅಂಗಳಕ್ಕೆ ಬಂತು

ಸೋದರಿಯರೇ, ಚಿತ್ರದುರ್ಗದ ಬಿಸಿಲು ಕಂಡಿದ್ದೀರಾ? ಕೋಟೆಯ ಬಂಡೆ ಹಗಲೆಲ್ಲಾ ಕಾದು ರಾತ್ರಿಯೂ ಸೆಕೆ ಬಿಡುತ್ತದೆ. ಇಂಥ ಊರಲ್ಲಿ ನಾನು ಗುಲಾಬಿ ಬೆಳೆಸಲು ಹೊರಟಿದ್ದೆ! 2016ರ ಬೇಸಿಗೆಯಲ್ಲಿ ನಲ್ಲಿ ನೀರಿಗೆ ತತ್ವಾರವಾದಾಗ ಅತ್ತೆ, "ನೀರು ಮಕ್ಕಳಿಗೋ, ನಿನ್ನ ಗುಲಾಬಿಗೋ?" ಎಂದರು. ನಾನು ಮುನಿಸಿಕೊಂಡೆ. ಹನ್ನೆರಡು ಗಿಡವೂ ಒಣಗಿದವು.

ಆಮೇಲೊಂದು ಭಾನುವಾರ ಹತ್ತಿರದ ಜೋಗಿಮಟ್ಟಿಗೆ ಹೋದೆವು. ಯಾರೂ ನೀರು ಹೊಯ್ಯದ ಗುಡ್ಡದಲ್ಲಿ ಬಂದರೆ, ಕಾರೆ, ತಂಗಡಿ ಹಸಿರಾಗಿ ನಿಂತಿದ್ದವು. ನನಗೆ ನಾಚಿಕೆಯಾಯಿತು.

ಅದು ವನ್ಯಧಾಮ, ಅಲ್ಲಿ ಗಿಡ ಕೀಳಬಾರದು. ಅತ್ತೆಯೇ ಹೊಲದ ಬದುವಿನಿಂದ ತಂಗಡಿ ಬೀಜ ತಂದುಕೊಟ್ಟರು. ಸಿಪ್ಪೆ ಗಟ್ಟಿ, ಬಿಸಿನೀರಲ್ಲಿ ರಾತ್ರಿ ನೆನೆಸಿ, ಮುಂಗಾರು ಹಿಡಿದ ಮೇಲೆ ಬಿತ್ತಿ. ಲಕ್ಕಿ ಕಡ್ಡಿ ನೆಟ್ಟರೆ ಚಿಗುರುತ್ತದೆ. ಅದರ ಒಣ ಎಲೆ ಕಾಳಿನ ಡಬ್ಬಿಯಲ್ಲಿದ್ದರೆ ಹುಳುವಿನ ಕಾಟ ಕಡಿಮೆ. ಮಂಗರವಳ್ಳಿಯ ಒಂದು ತುಂಡು ಊರಿದರೂ ಸಾಕು. ಕೈಗೆ ಎಣ್ಣೆ ಸವರಿಕೊಂಡು ಎಳೆ ಕುಡಿಯ ನಾರು ತೆಗೆದು, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆಹಣ್ಣು, ಒಣಮೆಣಸಿನಕಾಯಿ, ಉಪ್ಪು ಸೇರಿಸಿ ಚಟ್ನಿ ಅರೆಯಿರಿ. ಹುರಿಯೋದು ಕಡಿಮೆಯಾದರೆ ನಾಲಿಗೆ ತುರಿಸೀತು, ಜೋಕೆ!

ಮೊದಲ ವರ್ಷ ಅಕ್ಕಿ ತೊಳೆದ ನೀರು ಹಾಕಿ, ಬುಡಕ್ಕೆ ಒಣ ಎಲೆ ಹೊದಿಸಿ. ಬೇರು ಇಳಿದ ಮೇಲೆ ಅವು ನಮ್ಮನ್ನು ಹೆಚ್ಚು ಕಾಡುವುದಿಲ್ಲ.

ಈಗ ತಂಗಡಿಗೆ ಹಳದಿ ಚಿಟ್ಟೆಗಳು ಬರುತ್ತವೆ. ಬೆಳಿಗ್ಗೆ ದೇವರಿಗೆ ಹೂ ಕೊಯ್ಯೋದು ಅತ್ತೆಯೇ. ನೀರಿನ ಜಗಳ ನಮ್ಮಲ್ಲಿ ಮತ್ತೆ ಆಗಿಲ್ಲ. ನಿಮ್ಮೂರ ಬದುವಿನಲ್ಲೇನಿದೆ, ಒಮ್ಮೆ ನೋಡಿ ಬನ್ನಿ.